ಕೇಳಲು ಬರುವಷ್ಟು ಭಾಷೆ

ಸವನ್ನಾಖೇತ್, ಲಾವೋಸ್
19 ಜನವರಿ 1992

ಅಲ್ಲ ಅಕ್ಕ, ಹೊರಡುವಾಗ ನೀನು ಅಂದದ್ದು ನನಗೆ ಕೇಳಿದ ಹಾಗೆ ಇರಲಿಲ್ಲವೇನೋ. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೈದರಾಬಾದಿನ ಬಸ್ಸು ಹೊರಳುತ್ತಿದ್ದಾಗ ಕಿಟಕಿಯ ಸರಳು ಹಿಡಿದು ಏನೋ ಹೇಳಿದೆ. "ಕೇಳಾಕ ಬಂದ್ರ ಸಾಕು, ಉಳಿದದ್ದು ತಾನ ಬರ್ತೈತಿ" ಎಂದಂತೆ ನನ್ನ ನೆನಪು. "ಕೇಳಾಕ ನಾಚಬ್ಯಾಡ" ಎಂದಿದ್ದರೂ ಎಂದಿರಬಹುದು. ಹೊಗೆಯಲ್ಲಿ ಅರ್ಧ ಮಾತು ಹೋಯಿತು. ಇಲ್ಲಿಗೆ ಬಂದು ಇಪ್ಪತ್ತು ದಿನವಾಯಿತು, ಆ ಮಾತು ಯಾವುದು ಎಂದು ಹುಡುಕುತ್ತಿದ್ದೇನೆ. ಬೇರೆ ಕೆಲಸವಿಲ್ಲ. ಯಂತ್ರಗಳ ಪೆಟ್ಟಿಗೆಗಳು ಇನ್ನೂ ನದಿಯ ಆಚೆ ದಂಡೆಯಲ್ಲಿವೆ.

ನನ್ನನ್ನು ಕರೆತಂದ ಹೈದರಾಬಾದಿನ ಕಂಪನಿಯವನು, ಮಾತಿನಲ್ಲಿ ನಮ್ಮ ಕಡೆಯವನೇ, ನನಗೆ ಹನ್ನೆರಡು ಸೈಕ್ಲೊಸ್ಟೈಲ್ ಹಾಳೆ ಕೊಟ್ಟಿದ್ದಾನೆ. ಹೊಸಬರಿಗೆ ಲಾವೋ ಭಾಷೆ. ಬರೀ ಪ್ರಶ್ನೆಗಳು. ಉತ್ತರಗಳ ಹಾಳೆ ಎಲ್ಲಿ ಎಂದು ಕೇಳಿದೆ. "ನಿಮಗ್ಯಾಕ್ರಿ ಉತ್ತರ, ಮಿಸ್ತ್ರಿ. ನೀವು ಕೇಳ್ರಿ, ಅವರು ಕೈ ಮಾಡಿ ತೋರಿಸ್ತಾರ" ಎಂದ. ಹದಿನೆಂಟು ತಿಂಗಳಲ್ಲಿ ಅಕ್ಕಿ ಗಿರಣಿ ಕಟ್ಟಿ ನಿಲ್ಲಿಸಿ, ಇಲ್ಲಿನ ಆರು ಜನಕ್ಕೆ ಅದನ್ನು ನಡೆಸುವುದು ಕಲಿಸಿ ಹೊರಡುವವನಿಗೆ ಅಷ್ಟು ಸಾಕಂತೆ. ಅವನ ಬಾಯಿಂದ ಯಾವಾಗಲೂ ಏಲಕ್ಕಿ ವಾಸನೆ. ನನಗೆ ಆ ವಾಸನೆಯೇ ಈಗ ಹೇಸಿಗೆಯಾಗಿದೆ.

ನಲವತ್ತಮೂರು ವರ್ಷದವನು ಬೆಳಿಗ್ಗೆ ಎದ್ದು ಗೋಡೆಗೆ ಮುಖ ಮಾಡಿ "ನೀ ಮ್ಯಾನ್ ಞಂಗ್" ಎನ್ನುತ್ತೇನೆ. ಇದು ಏನು ಎಂದರ್ಥ. "ಯೂ ಸೈ", ಎಲ್ಲಿದೆ. "ಪೈ ಸೈ", ಎಲ್ಲಿಗೆ ಹೊರಟಿರಿ. ಹೊರಗೆ ಹೋಗಿ ಒಬ್ಬ ಮುದುಕಿಗೆ ಒಂದು ಕಾಯಿ ತೋರಿಸಿ ಇದು ಏನು ಎಂದೆ. ಅವಳು ಐದು ನಿಮಿಷ ಹೇಳಿದಳು. ಎಲ್ಲ ತಿಳಿದವನಂತೆ ತಲೆಯಾಡಿಸಿ ಬಂದೆ. ಪ್ರಶ್ನೆ ನನ್ನದು, ಉತ್ತರ ಅವಳದು, ನಡುವೆ ನಾನೊಬ್ಬ ಮೂರ್ಖ.

ಇಲ್ಲಿ ಅನ್ನವನ್ನು ಬಿದಿರ ಬುಟ್ಟಿಯಲ್ಲಿ ಇಡುತ್ತಾರೆ. ಅಂಟು. ಬೆರಳಿನಿಂದ ಕಿತ್ತು ಉಂಡೆ ಮಾಡಿ ತಿನ್ನಬೇಕು. ನಮ್ಮ ಕಡೆ ಅನ್ನ ಹೀಗಾದರೆ ಮಾಡಿದವಳಿಗೆ ಅವತ್ತು ಬೈಗುಳವೇ ಊಟ. ತಿಂದ ಮೇಲೂ ಬೆರಳು ಬೆರಳಿಗೆ ಹತ್ತಿಕೊಂಡಿರುತ್ತದೆ.

ಮಾವನಿಗೆ ಹಟ್ಟಿಯ ಗಣಿಯಲ್ಲಿ ರಾತ್ರಿ ಪಾಳಿ ಮುಗಿಯಿತೇ?

ವೆಂಕೋಬ


ಲಿಂಗಸುಗೂರು
2 ಮಾರ್ಚ್ 1992

ಪ್ರೀತಿಯ ತಮ್ಮ ವೆಂಕೋಬನಿಗೆ,

ನಿನ್ನ ಪತ್ರಕ್ಕೆ ಐದು ವಾರ ಹಿಡಿದಿದೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಏನು ಹೇಳಿದೆನೋ ನನಗೂ ನೆನಪಿಲ್ಲ. "ಚಾದರ ತಗೊಂಡೀಯೇನು" ಎಂದಿರಬೇಕು. ನೀನು ಅದನ್ನು ದೊಡ್ಡ ಮಾತು ಮಾಡಿಕೊಂಡಿದ್ದೀಯ. ಇರಲಿ, ನಿನ್ನದೇ ಚೆನ್ನಾಗಿದೆ, ಅದನ್ನೇ ನನ್ನದೆಂದು ಇಟ್ಟುಕೋ.

ಒಂದು ತಮಾಷೆ ಹೇಳುತ್ತೇನೆ. ನಿನ್ನ ಪತ್ರವನ್ನು ಶಾಲೆಯಲ್ಲಿ ನನ್ನ ನಾಲ್ಕನೆಯ ಇಯತ್ತೆಯವರ ಮುಂದೆ ಓದಿದೆ. ಮಕ್ಕಳು ಬಿಡಲೇ ಇಲ್ಲ. ಈಗ ಇಡೀ ಶಾಲೆ "ನೀ ಮ್ಯಾನ್ ಞಂಗ್" ಎನ್ನುತ್ತದೆ. ಇಪ್ಪತ್ತಾರು ವರ್ಷದಿಂದ ಹಲಗೆಯ ಮೇಲೆ ಞ ಬರೆಯುತ್ತಿದ್ದೇನೆ, ಅದು ಯಾಕೆ ಇದೆ ಎಂದು ಯಾರಾದರೂ ಕೇಳಿದರೆ ಮಾತು ತಿರುಗಿಸುತ್ತಿದ್ದೆ. ಆ ಪಾಪದ ಅಕ್ಷರಕ್ಕೆ ಕೊನೆಗೂ ನೌಕರಿ ಸಿಕ್ಕಿತು. ಹೆಡ್‌ಮಾಸ್ತರರು ಬಂದಾಗ ಗದ್ದೆಮ್ಮ ಎನ್ನುವ ಹುಡುಗಿ ಅವರ ಟೋಪಿ ತೋರಿಸಿ ಅದೇ ಪ್ರಶ್ನೆ ಕೇಳಿದಳು. ಅವರು ಸಂಸ್ಕೃತ ಎಂದುಕೊಂಡು ಕೈಮುಗಿದರು.

ಮುಂದಿನ ಪಾಠಗಳನ್ನು ಕಳಿಸು. ಜನರ ಹೆಸರನ್ನೂ ಬರೆ. ನೀನು ವಾಸನೆಗಳನ್ನು ಬರೆಯುತ್ತೀಯ, ಜನರನ್ನು ಬರೆಯುವುದಿಲ್ಲ. ಸಣ್ಣಂದಿನಿಂದಲೂ ಹಾಗೆಯೇ.

ನಿನ್ನ ಮಾವನಿಗೆ ಈಗ ಹಗಲು ಪಾಳಿ. ಆರೋಗ್ಯ.

ಕನಕಮ್ಮ


ಸವನ್ನಾಖೇತ್
20 ಏಪ್ರಿಲ್ 1992

ಅಕ್ಕ,

ಗಿರಣಿ ನಿಂತಿದೆ. ನಿಂತಿದೆ ಎಂದರೆ ನಡೆಯುತ್ತಿದೆ. ಮೇಲೆ ಉದ್ದಕ್ಕೆ ಶಾಫ್ಟು, ಅದರಿಂದ ಇಳಿಯುವ ಮೂರು ಚರ್ಮದ ಬೆಲ್ಟು, ಕೆಳಗೆ ಭತ್ತ ಸುಲಿಯುವ ಹಲ್ಲರ್. ಸಿಂಧನೂರಿನಲ್ಲಿ ಈಗ ಮಾರವಾಡಿಗಳೂ ಕೊಳ್ಳದ ಹಳೆಯ ಮಾದರಿ. ಬಣ್ಣ ಬಳಿದು ಇಲ್ಲಿಗೆ ಮಾರಿದ್ದಾರೆ. ಬಣ್ಣ ಕೆರೆದರೆ ಕೆಳಗೆ ತೆಲುಗು ಅಕ್ಷರ. ನಾನು ಕೆರೆದು ನೋಡಿ, ಮತ್ತೆ ಬಣ್ಣ ಹಚ್ಚಿದೆ.

ಜನರನ್ನು ಬರೆ ಎಂದಿದ್ದೀಯ. ಆರು ಜನ ಕೆಲಸಕ್ಕೆ. ಐದು ಜನರ ಬಗ್ಗೆ ಬರೆಯುವಂಥದ್ದು ಇಲ್ಲ. ಆರನೆಯವಳು ಚಂಥಾ, ಮೂವತ್ತರ ಸುಮಾರಿನ ಹೆಂಗಸು. ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ಇಷ್ಟು ತಿಳಿಯಲು ನನಗೆ ಮೂರು ಪಾಠ ಬೇಕಾಯಿತು. ನಾನು ಕೇಳಿದ್ದಕ್ಕೆ ಅವಳು ಮಾತಿನಲ್ಲಿ ಉತ್ತರಿಸುವುದಿಲ್ಲ. ನನಗೆ ತಿಳಿಯುವುದಿಲ್ಲ ಎಂದು ಮೊದಲ ದಿನವೇ ತಿಳಿದುಕೊಂಡಳು. ಕೈಯಿಂದ, ಹುಬ್ಬಿನಿಂದ, ನೆಲದ ಹೊಟ್ಟಿನ ಮೇಲೆ ಗೆರೆ ಎಳೆದು ಹೇಳುತ್ತಾಳೆ. ನನ್ನನ್ನು "ನಾಯ್ ಸಾಂಗ್" ಎನ್ನುತ್ತಾಳೆ. ಮಿಸ್ತ್ರಿ ಎಂದರ್ಥ. ಬೆಳಿಗ್ಗೆ ಬಂದವಳೇ "ಕಿನ್ ಖಾವ್ ಲ್ಯಾವ್ ಬೋ", ಊಟ ಆಯಿತೇ ಎನ್ನುತ್ತಾಳೆ. ನಮ್ಮ ಕಡೆಯವರ ಹಾಗೆಯೇ. ಉತ್ತರ ಯಾರಿಗೂ ಬೇಕಿಲ್ಲ.

ನಾನು ಅವಳಿಗೆ ಕಲಿಸುವುದೂ ಮಾತಿಲ್ಲದೆ. ನಾನು ಮಾಡುತ್ತೇನೆ, ಅವಳು ನೋಡುತ್ತಾಳೆ, ಮಾಡುತ್ತಾಳೆ. ಉಳಿದವರಿಗೆ ತಿಂಗಳು ಹಿಡಿದದ್ದು ಅವಳಿಗೆ ಎರಡು ದಿನ. ಮಾತು ಎನ್ನುವುದು ಎಷ್ಟು ಅನಗತ್ಯ ಎಂದು ಆಗಾಗ ಅನಿಸುತ್ತದೆ. ಒಳ್ಳೆಯದೇ ಅನಿಸುತ್ತದೆ.

ನಿನ್ನ ಮಕ್ಕಳಿಗೆ ಐದನೆಯ ಪಾಠ. "ಫೈ" ಎಂದರೆ ಯಾರು. ಫಲದ ಫ. "ಫೈ ಮಾ", ಯಾರು ಬಂದರು. "ಫೈ ಸೋನ್ ಚಾವ್", ನಿನಗೆ ಯಾರು ಕಲಿಸಿದರು. ಫೈ ಯಾರು, ಸೋನ್ ಕಲಿಸು, ಚಾವ್ ನೀನು. ಇದನ್ನು ಶಾಲೆಯಲ್ಲಿ ಕೇಳಬಹುದು.

ಒಂದು ಕೆಲಸ. ಇಲ್ಲಿನ ಗಾಳಿ ಹಸಿ. ಬೆಲ್ಟು ಪುಲ್ಲಿಯ ಮೇಲೆ ಜಾರುತ್ತದೆ, ಇಡೀ ದಿನ ಕಿರುಚುತ್ತದೆ. ಪೆಟ್ಟಿಗೆಯಲ್ಲಿ ತಂದಿದ್ದ ರಾಳ ಮುಗಿಯಿತು. ನಮ್ಮಲ್ಲಿ ಮಾಡುವಂತೆ ಓಡುವ ಬೆಲ್ಟಿಗೆ ರಾಳದ ಉಂಡೆ ಹಿಡಿದರೆ ಎರಡು ಸುತ್ತಿನಲ್ಲಿ ಹಿಡಿತ ಬರುತ್ತದೆ. ಚಂಥಾ ಅದನ್ನು ನನಗಿಂತ ನಾಜೂಕಾಗಿ ಮಾಡುತ್ತಾಳೆ. ಎರಡು ಕಿಲೋ ಕೊಂಡು ಹೈದರಾಬಾದಿನ ವಿಳಾಸಕ್ಕೆ ಕಳಿಸು. ಕಂಪನಿಯವನು ಜುಲೈನಲ್ಲಿ ತರುತ್ತಾನೆ.

ವೆಂಕೋಬ


ಲಿಂಗಸುಗೂರು
8 ಜೂನ್ 1992

ವೆಂಕೋಬ,

ರಾಳ ಕಳಿಸಿದ್ದೇನೆ. ನನಗೆ ಗೊತ್ತಾಗುವ ಸಾಮಾನಲ್ಲ ಎಂದು ಸಿಂಧನೂರಿನ ನಿನ್ನ ಹಳೆಯ ಗಿರಣಿಗೆ ಹೋಗಿ ಮಕ್ತುಮ್‌ಸಾಬನನ್ನು ಕರೆದುಕೊಂಡು ಅಂಗಡಿಗೆ ಹೋದೆ. ನಿನ್ನ ಗುರುವಿಗೆ ವಯಸ್ಸಾಗಿದೆ. ಆದರೂ ಅಂಗಡಿಯವನಿಗೆ ಬಿಡಲಿಲ್ಲ. ಒಂದೊಂದು ಉಂಡೆಯನ್ನೂ ಆ ಮೂರು ಬೆರಳಿನ ಕೈಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. "ಇದು ಮೂರ್ತಿ ಮೆತ್ತೂದಲ್ಲೋ ಮಾರಾಯ, ಬೆಲ್ಟಿಗೆ ಹಚ್ಚೂದು" ಎಂದು ಅರ್ಧ ಹಿಂದಕ್ಕೆ ಕೊಟ್ಟ. ನೀನು ಯಾರಿಗೆ ಕಲಿಸುತ್ತಿದ್ದೀಯ ಎಂದು ಕೇಳಿದ. ಒಬ್ಬ ಹೆಣ್ಣುಮಗಳು ಬಹಳ ಚುರುಕಿದ್ದಾಳಂತೆ ಎಂದೆ. ಆಮೇಲೆ ನಾನು ಬಸ್ಸು ಹತ್ತುವಾಗ ಅಂಗಿಯ ತೋಳಿನದು ಏನೋ ಹೇಳಿ, ಅದನ್ನು ನಿನಗೆ ಬರೆಯಬೇಕು ಎಂದ. ಮಸ್ಕಿಯವರೆಗೆ ನಿಂತೇ ಬಂದೆ, ಅಷ್ಟು ಜನ. ಆ ಮಾತು ಎಲ್ಲಿ ಜಾರಿತೋ. ಇನ್ನೊಮ್ಮೆ ಕೇಳಿ ಬರೆಯುತ್ತೇನೆ.

ಐದನೆಯ ಪಾಠ ನಡೆಯಿತು. ಕಿಟಕಿಯಿಂದ ಯಾರು ಇಣುಕಿದರೂ ಫೈ ಮಾ. ಇನ್ಸ್‌ಪೆಕ್ಟರ್ ಬಂದ ದಿನ ನಾನು ಗದ್ದೆಮ್ಮನನ್ನು ನಿಲ್ಲಿಸಿ "ಫೈ ಸೋನ್ ಚಾವ್" ಎಂದೆ. ನನ್ನ ಕಡೆ ಬೆರಳು ಮಾಡಿ "ಅಕ್ಕೋರು" ಎಂದಳು. ಕಣ್ಣಲ್ಲಿ ನೀರು ಬಂತು, ಯಾಕೋ. ಇಷ್ಟು ವರ್ಷ ನಾನು ಮಕ್ಕಳಿಗೆ ಈ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿರಲಿಲ್ಲ.

ಆರನೆಯ ಪಾಠ ಕಳಿಸು.

ಕನಕಮ್ಮ


ಸವನ್ನಾಖೇತ್
30 ಆಗಸ್ಟ್ 1992

ಅಕ್ಕ,

ಆರನೆಯ ಪಾಠ ಕೇಳಿದ್ದೆ.

ಮೂ ದೈ? ಯಾವ ಕೈ?
ಚೆಪ್ ಬೋ? ನೋಯುತ್ತದೆಯೇ?
ಮುನ್ ಯೂ ಬೋ? ತಿರುಗುತ್ತಿತ್ತೇ?
ಹೆತ್ ಏಂಗ್ ಬೋ? ನೀನೇ ಮಾಡಿದ್ದೇ?

ಮಳೆ ಬಿಟ್ಟಿಲ್ಲ. ರಾಳ ಮುಟ್ಟಿತು. ಇನ್ನು ಕಳಿಸಬೇಡ.

ವೆಂಕೋಬ


ಲಿಂಗಸುಗೂರು
5 ಅಕ್ಟೋಬರ್ 1992

ವೆಂಕೋಬ,

ಪಾಠ ಬಂತು. ಮಕ್ಕಳಿಗೆ ಮೂ ದೈ ಆಟವಾಯಿತು. ಕಣ್ಣು ಮುಚ್ಚಿಸಿ ಕೈಯಲ್ಲಿ ಹುಣಸೆಬೀಜ ಅಡಗಿಸಿ ಯಾವ ಕೈ ಎಂದು ಕೇಳುತ್ತಾರೆ.

ಉಳಿದ ಮೂರನ್ನು ನಾನು ಹಲಗೆಯ ಮೇಲೆ ಬರೆದು ಒರೆಸಿದೆ. ಇವು ಪಾಠದ ಹಾಗಿಲ್ಲ. ನೋಯುತ್ತದೆಯೇ ಎಂದು ಕೇಳುವವನು ಮುಂದಿನ ಸಾಲಿನಲ್ಲೇ ತಿರುಗುತ್ತಿತ್ತೇ ಎಂದು ಯಾಕೆ ಕೇಳುತ್ತಾನೆ? ನಾನು ನಿನ್ನ ಮಾವನಿಗೆ ತೋರಿಸಿದೆ. ಅವರು ಊಟ ಮಾಡುತ್ತಿದ್ದರು. ಓದಿ, ಕಾಗದವನ್ನು ತಾಟಿನಿಂದ ದೂರ ಸರಿಸಿ, "ಇದು ಮಾಸ್ತರ ಬರೆದದ್ದಲ್ಲ, ಸಾಹೇಬ ಬರೆದದ್ದು" ಎಂದರು. ಏನೆಂದು ಬಿಡಿಸಿ ಹೇಳಲಿಲ್ಲ.

ನೀನು ಆರಾಮ ಇದ್ದೀಯಲ್ಲ? ಕೈ ನಿನ್ನದಲ್ಲವಲ್ಲ? ಅಕ್ಷರ ನಿನ್ನದೇ ಇದೆ, ನೆಟ್ಟಗಿದೆ, ಅದನ್ನು ನೋಡಿ ಸಮಾಧಾನ ಮಾಡಿಕೊಂಡಿದ್ದೇನೆ. ಚಂಥಾ ಹೇಗಿದ್ದಾಳೆ, ಅವಳ ಬಗ್ಗೆ ಒಂದು ಸಾಲೂ ಇಲ್ಲ.

ಕನಕಮ್ಮ


ಲಿಂಗಸುಗೂರು
18 ಜನವರಿ 1993

ವೆಂಕೋಬ,

ಮೂರು ತಿಂಗಳಾಯಿತು. ನೀನು ಬರೆಯಲಿಲ್ಲ. ಹಾಗಾಗಿ ನಾನೇ ಕೇಳಿಕೊಂಡು ಬಂದೆ.

ಮಕ್ತುಮ್‌ಸಾಬ ಈಗ ಮಸ್ಕಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಸಂಕ್ರಾಂತಿಯ ಎಳ್ಳು ತೆಗೆದುಕೊಂಡು ಹೋದೆ. ಮಗಳು ಶಂಶಾದ್‌ಬೀ ಚಹಾ ಕೊಟ್ಟಳು. ನಿನ್ನ ನಾಲ್ಕು ಪ್ರಶ್ನೆಗಳನ್ನು ಕನ್ನಡದಲ್ಲಿ ಓದಿ ಹೇಳಿದೆ. ಮುದುಕ ಎರಡನೆಯ ಸಲ ಓದಿಸಲಿಲ್ಲ.

"ನಾ ಹೇಳಿದ್ದು ಬರೀಲಿಲ್ಲೇನ್ರಿ ಅಕ್ಕೋರೇ?" ಎಂದ. ಏನು ಹೇಳಿದ್ದೆ ಎಂದು ಕೇಳಿದೆ. ಅಂಗಿಯ ತೋಳು ಮೊಣಕೈಗಿಂತ ಮೇಲೆ ಕಟ್ಟಿಕೊಳ್ಳದೆ ಯಾರೂ ರಾಳ ಹಿಡಿಯಬಾರದು, ಹೆಂಗಸಂತೂ ಹಿಡಿಯಲೇಬಾರದು ಎಂದಿದ್ದನಂತೆ. ಬೆಲ್ಟು ನಿಂತಿರುವಾಗ ಯಾಕೆ ಹಚ್ಚಬಾರದು ಎಂದು ಕೇಳಿದೆ. ನಗಲಿಲ್ಲ. ಹಚ್ಚಬಹುದು ಎಂದ. ಎಂಜಿನ್ ನಿಲ್ಲಿಸಬೇಕು, ಆರಿದ ಎಂಜಿನ್ ಹೊಡೆದು ಎಬ್ಬಿಸಲು ಅರ್ಧ ತಾಸು ಬೇಕು, ಅಷ್ಟು ಹೊತ್ತು ಧಣಿ ಗಡಿಯಾರ ನೋಡುತ್ತಾನೆ. ಅದಕ್ಕೇ ನಮ್ಮ ಕಡೆಯ ಗಿರಣಿಗಳಲ್ಲಿ ಯಾರೂ ನಿಲ್ಲಿಸುವುದಿಲ್ಲ. ಅಪ್ಪ ಮಗನಿಗೆ, ಮಿಸ್ತ್ರಿ ಆಳಿಗೆ, ಓಡುವ ಬೆಲ್ಟಿನ ಮೇಲೆಯೇ ತೋರಿಸಿಕೊಡುತ್ತಾರೆ.

ಆಮೇಲೆ ಎರಡು ಬೆರಳಿಲ್ಲದ ಆ ಕೈಯನ್ನು ನನ್ನ ಮುಂದೆ ಚಾಚಿದ. ಇಷ್ಟು ವರ್ಷ ಅದು ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದೆ. "ಎಪ್ಪತ್ತೆಂಟನೇ ಇಸವಿ ಇದು. ಬಟ್ಟು ಹೋದಾಗ ಬಾಜೂಕ ಯಾರು ನಿಂತಿದ್ರು ಅಂದೀರಿ? ವೆಂಕೋಬನ. ಬೆಲ್ಟಿನಾಗಿಂದ ಬಟ್ಟು ಆರಿಸಿ ಕಾಗದದಾಗ ಕಟ್ಟಿ ಕೊಟ್ಟಾಂವನೂ ಅವನ."

ಇದನ್ನು ನೀನು ನನಗೆ ಹೇಳಿರಲಿಲ್ಲ. ಅಂದು ಸಂಜೆ ಮನೆಗೆ ಬಂದು ನೀನು ಊಟ ಮಾಡಿರಬೇಕು. ನಾನೇ ಬಡಿಸಿರಬೇಕು.

ಏನಾಯಿತು ಬರೆ. ಪಾಠದ ರೂಪದಲ್ಲಿ ಬೇಡ.

ಕನಕಮ್ಮ


ಸವನ್ನಾಖೇತ್
28 ಫೆಬ್ರುವರಿ 1993

ಅಕ್ಕ,

ಆಗಸ್ಟ್ ಆರು, ಗುರುವಾರ. ರಾಳ ಬಂದು ಎಂಟು ದಿನವಾಗಿತ್ತು. ನಾನು ಗಿರಣಿಯ ಹಿಂದೆ ಭತ್ತದ ಚೀಲದ ಮೇಲೆ ಕುಳಿತು ಹಾಳೆಗಳನ್ನು ಓದುತ್ತಿದ್ದೆ. ಒಳಗೆ ಬೆಲ್ಟು ಬೆಳಗಿನಿಂದ ಕಿರುಚುತ್ತಿತ್ತು. ಹತ್ತು ಗಂಟೆಯ ಸುಮಾರಿಗೆ ಕಿರುಚುವುದು ನಿಂತಿತು. ಹಿಡಿತ ಬಂತು, ಚಂಥಾ ರಾಳ ಹಚ್ಚಿದ್ದಾಳೆ, ಭಲೆ ಎಂದುಕೊಂಡೆ. ಇದನ್ನು ನಿನಗೆ ಹೇಳದೆ ಇರಬಹುದಿತ್ತು. ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತರುವುದು ಇದೇ. ಅವಳ ತೋಳು ಸಿಕ್ಕ ಗಳಿಗೆಯಲ್ಲಿ ನಾನು ಸಂತೋಷವಾಗಿದ್ದೆ. ಮುಂದಿನ ಸದ್ದು ಬೆಲ್ಟಿನದಲ್ಲ ಎಂದು ತಿಳಿಯಲು ಒಂದು ಉಸಿರಿನಷ್ಟು ಹೊತ್ತಾಯಿತು.

ಬಲಗೈ. ಮೊಣಕೈಯವರೆಗೆ ಹೋಯಿತು. ಹೊಟ್ಟಿನ ಧೂಳಿಗೆಂದು ಅವಳು ಉದ್ದ ತೋಳಿನ ರವಿಕೆ ತೊಡುತ್ತಿದ್ದಳು. ನಾನು ದಿನವೂ ನೋಡುತ್ತಿದ್ದೆ. ತೋಳು ಮಡಿಚು ಎನ್ನಲು ಮಾತು ಬರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಅದಕ್ಕೆ ಮಾತು ಬೇಕಿರಲಿಲ್ಲ. ನನ್ನ ತೋಳು ಮಡಿಚಿ ತೋರಿಸಿದರೆ ಸಾಕಿತ್ತು. ನಾನು ಮಡಿಚುವುದಿಲ್ಲ, ಅದಕ್ಕೇ ಅವಳೂ ಮಡಿಚಲಿಲ್ಲ. ನಾನು ಮಾಡಿದ್ದನ್ನೆಲ್ಲ ಅವಳು ಮಾಡಿದಳು.

ಹದಿನೈದು ದಿನದ ಮೇಲೆ ಕಂಪನಿಯವನು ವಿಯೆಂಟಿಯಾನ್‌ನಿಂದ ಬಂದ. ಕಲಿಸಿದ್ದರಲ್ಲಿ ತಪ್ಪಿದ್ದರೆ ಅವಳ ಆಸ್ಪತ್ರೆ, ಮುಂದಿನ ಬದುಕು ಎಲ್ಲ ಕಂಪನಿಯ ಮೇಲೆ ಬರುತ್ತದೆ. ಅವಳ ಅಜಾಗ್ರತೆ ಎಂದಾದರೆ ಅವಳು ಮನೆಗೆ ಹೋಗುತ್ತಾಳೆ, ಅಷ್ಟೆ. ಅವನು ಇಂಗ್ಲಿಷಿನಲ್ಲಿ ನಾಲ್ಕು ಪ್ರಶ್ನೆ ಬರೆದು ತಂದಿದ್ದ. ಮೊದಲನೆಯದು ಬಿಟ್ಟರೆ ಹೌದು ಎಂದರೆ ಸಾಕು ಎನ್ನುವಂಥವು. ಗಿರಣಿಯ ಗುಮಾಸ್ತ ಇಂಗ್ಲಿಷ್ ಬಲ್ಲವನು, ಲಾವೋದಲ್ಲಿ ಕೇಳಲು ಅವನನ್ನು ಕರೆದ. ಗುಮಾಸ್ತ ಕಾಗದ ಓದಿ, ತನಗೆ ಇಂಗ್ಲಿಷ್ ಬರುವುದಿಲ್ಲ ಎಂದು ಚೆಂದದ ಇಂಗ್ಲಿಷಿನಲ್ಲಿ ಹೇಳಿ ಎದ್ದು ಹೋದ. ಹಾಗೆ ಎದ್ದು ಹೋಗಬಹುದು ಎಂದು ನನಗೆ ಹೊಳೆದಿರಲಿಲ್ಲ. ಕಂಪನಿಯವನು ನನ್ನ ಕಡೆ ತಿರುಗಿದ. "ನಿಮಗ ಕೇಳಾಕಷ್ಟ ಬರ್ತೈತಲ್ರಿ ಮಿಸ್ತ್ರಿ. ನಮಗೂ ಅಷ್ಟ ಬೇಕಾಗೈತಿ."

ಆಸ್ಪತ್ರೆಯಲ್ಲಿ ನಾನು ಕೇಳಿದೆ. ಎಂಟು ತಿಂಗಳ ಅಭ್ಯಾಸ, ಉಚ್ಚಾರ ಸ್ಪಷ್ಟವಾಗಿತ್ತು. ಯಾವ ಕೈ. ಅವಳು ಕಟ್ಟಿದ ಬಟ್ಟೆಯ ಕಡೆ ನೋಡಿದಳು. ನೋಯುತ್ತದೆಯೇ. ತಿರುಗುತ್ತಿತ್ತೇ. ನೀನೇ ಮಾಡಿದ್ದೇ. ಒಂದೊಂದಕ್ಕೂ ಹೌದೆಂದು ತಲೆಯಾಡಿಸಿದಳು, ಕಂಪನಿಯವನು ಒಂದೊಂದು ಗೀಟು ಹಾಕಿದ. ಐದನೆಯ ಪಾಠದ ಫೈ, ಯಾರು ಎನ್ನುವ ಮಾತು, ಆ ಕಾಗದದಲ್ಲಿ ಇರಲಿಲ್ಲ. ನನ್ನ ಬಾಯಲ್ಲಿ ಇತ್ತು. ಅಲ್ಲೇ ಇಟ್ಟುಕೊಂಡೆ. ಕೇಳಿದ್ದರೆ ಅವಳು ನನ್ನ ಕಡೆ ಬೆರಳು ಮಾಡಬೇಕಾಗುತ್ತಿತ್ತು, ನಿನ್ನ ಗದ್ದೆಮ್ಮನ ಹಾಗೆ.

ಬೆರಳು ಮಾಡಿದಳು. ಕೇಳದೆಯೇ. ಔಷಧಿ ತಂದ ನರ್ಸು ಇವರು ಯಾರು ಎಂದಿರಬೇಕು, ಚಂಥಾ ಎಡಗೈ ಎತ್ತಿ ನನ್ನನ್ನು ತೋರಿಸಿ "ನಾಯ್ ಖೂ" ಎಂದಳು. ಅಲ್ಲಿಯವರೆಗೆ ಎಂದೂ ಹಾಗೆ ಕರೆದಿರಲಿಲ್ಲ. ನಾಯ್ ಖೂ ಎಂದರೆ ಮೇಷ್ಟ್ರು. ಅಷ್ಟು ಭಾಷೆ ನನಗೆ ಬರುತ್ತದೆ. ಕಂಪನಿಯವನು ಏನಂದಳು ಎಂದು ಕೇಳಿದ. ನಮಸ್ಕಾರ ಅಂದಳು ಎಂದೆ.

ಅವನು ಹೊರಗೆ ಹೋದ. ಅವಳು ತಲೆದಿಂಬಿನ ಬಳಿಯ ಬುಟ್ಟಿಯಿಂದ ಎಡಗೈಯಲ್ಲಿ ಅನ್ನ ಕಿತ್ತು, ಒಂದೇ ಕೈಯಲ್ಲಿ ಉಂಡೆಯಾಗದೆ ಹಾಗೆಯೇ ನನ್ನ ಅಂಗೈಗೆ ಇಟ್ಟಳು. "ಬೋ ಪೆನ್ ಞಂಗ್" ಎಂದಳು. ಪರವಾಗಿಲ್ಲ ಎಂದು. ಇಲ್ಲಿ ದಿನಕ್ಕೆ ನೂರು ಸಲ ಎಲ್ಲರೂ ಎಲ್ಲದಕ್ಕೂ ಅನ್ನುವ ಮಾತು, ಹಾಗಾಗಿ ತಿಳಿಯಿತು. ತಿಂದೆ. ಬೆರಳಿಗೆ ಅಂಟಿದ್ದು ಅನ್ನವೋ ರಾಳವೋ ತಿಳಿಯಲಿಲ್ಲ. ಆಸ್ಪತ್ರೆಯ ಹಿಂದೆ ಹೋಗಿ ಕಾರಿದೆ. ಅಂದಿನಿಂದ ಅನ್ನ ಮುಟ್ಟಿಲ್ಲ, ಬ್ರೆಡ್ಡು ತಿನ್ನುತ್ತೇನೆ. ಕೈಯನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತೇನೆ.

ಇನ್ನೊಂದು. ಮೊನ್ನೆ ನದಿಯ ದಂಡೆಯಲ್ಲಿ ದೋಣಿಯ ಬಿರುಕು ಮುಚ್ಚುತ್ತಿದ್ದರು. ಕೈಯಲ್ಲಿ ರಾಳ. ಮರದಿಂದ ಇಳಿಸುತ್ತಾರೆ, ಇಲ್ಲಿ ಬುಟ್ಟಿಗಟ್ಟಲೆ ಇದೆ. ಇದು ಏನು, ಎಲ್ಲಿದೆ ಎಂದು ನಾನು ಒಂದು ಸಲ ಕೇಳಿದ್ದರೆ ಸಾಕಿತ್ತು. ಮೊದಲನೆಯ ಪಾಠ. ನಿನ್ನನ್ನು ಇದರಲ್ಲಿ ಎಳೆಯಬೇಕಾಗಿರಲಿಲ್ಲ.

ವೆಂಕೋಬ


ಲಿಂಗಸುಗೂರು
10 ಏಪ್ರಿಲ್ 1993

ವೆಂಕೋಬ,

ನಿನ್ನ ಪತ್ರವನ್ನು ಒಮ್ಮೆ ಓದಿದೆ. ಇನ್ನೊಮ್ಮೆ ಓದಲಾರೆ. ನೀನು ಹೇಸಿಗೆ ಹೇಸಿಗೆ ಎಂದು ಬರೆಯುತ್ತೀಯ, ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಎಲ್ಲ ಕಡೆಯಿಂದ ನೋಡುತ್ತೀಯ. ಅವಳಿಗೆ ಅದರಿಂದ ಏನು? ಕಾರಿಕೊಂಡರೆ ನಿನ್ನ ಹೊಟ್ಟೆ ಹಗುರಾಯಿತು.

ರಾಳ ಕೊಂಡವಳು ನಾನು. ತೋಳಿನ ಮಾತನ್ನು ಬಸ್ಸಿನಲ್ಲಿ ಕಳೆದವಳೂ ನಾನು. ಅದು ನನ್ನ ಪಾಲಿನದು, ಅದನ್ನು ನಾನು ನೋಡಿಕೊಳ್ಳುತ್ತೇನೆ.

ನೀನು ಕಂಪನಿಗೆ ಬರೆ. ಓಡುವ ಬೆಲ್ಟಿಗೆ ರಾಳ ಹಿಡಿಯಲು ಕಲಿಸಿದವನು ನಾನು, ಅವಳು ಅಂದದ್ದು ನಮಸ್ಕಾರವಲ್ಲ ಎಂದು ಬರೆ. ಬರೆಯುವವರೆಗೆ ನನಗೆ ಬರೆಯಬೇಡ.

ಶಾಲೆಯಲ್ಲಿ ಲಾವೋ ನಿಲ್ಲಿಸಿದ್ದೇನೆ. ಮಕ್ಕಳು ಯಾಕೆ ಎಂದು ಕೇಳುತ್ತಾರೆ.

ಕನಕಮ್ಮ


ಬಳಗಾನೂರು
3 ನವೆಂಬರ್ 1993

ಅಕ್ಕ,

ಬಂದು ಮೂರು ತಿಂಗಳಾಯಿತು. ಬಳಗಾನೂರಿನಲ್ಲಿದ್ದೇನೆ. ನಿನ್ನಿಂದ ಎರಡು ಬಸ್ಸಿನ ದೂರ. ಕಂಪನಿಗೆ ಬರೆದ ಮೇಲೆಯೇ ನಿನಗೆ ಬರೆಯಬೇಕು ಎಂದಿದ್ದೆ, ಹಾಗೆಯೇ ಬರೆಯುತ್ತಿದ್ದೇನೆ.

ಅಲ್ಲಿರುವಾಗ ಬರೆಯಲಿಲ್ಲ. ಪಾಸ್‌ಪೋರ್ಟು ಕಂಪನಿಯವನ ಪೆಟ್ಟಿಗೆಯಲ್ಲಿತ್ತು. ಹೈದರಾಬಾದಿನಲ್ಲಿ ಅದು ಕೈಗೆ ಬಂದ ಮರುದಿನ ಬರೆದೆ. ಈ ಕ್ರಮವನ್ನು ನೀನು ಗಮನಿಸುತ್ತೀಯ ಎಂದು ಗೊತ್ತು. ನಾಲ್ಕು ಪುಟ, ಎಲ್ಲ ಬರೆದೆ, ಮಕ್ತುಮ್‌ಸಾಬನ ಬೆರಳುಗಳಿಂದ ಹಿಡಿದು. ಮೊನ್ನೆ ಉತ್ತರ ಬಂತು. ಎರಡು ಸಾಲು. ವಿಷಯ ಮುಗಿದಿದೆ. ಗಿರಣಿ ಕೈ ಬದಲಾಗಿದೆ, ಅಲ್ಲಿನ ಕೆಲಸಗಾರರ ಬಗ್ಗೆ ತಮ್ಮಲ್ಲಿ ಮಾಹಿತಿ ಇಲ್ಲ. ಗುಮಾಸ್ತನ ವಿಳಾಸಕ್ಕೂ ಒಂದು ಪ್ರತಿ ಹಾಕಿದ್ದೇನೆ. ಅವನಿಗೆ ಇಂಗ್ಲಿಷ್ ಬರುತ್ತದೆ. ಅವನಿಂದ ಇನ್ನೂ ಏನೂ ಬಂದಿಲ್ಲ.

ಹೊರಡುವ ಹಿಂದಿನ ದಿನ ಅವಳನ್ನು ನೋಡಿದೆ. ಸಂತೆಯಲ್ಲಿ ಸೊಪ್ಪು ಹರವಿಕೊಂಡು ಕುಳಿತಿದ್ದಳು. ಎಡಗೈಯಿಂದ ನೀರು ಚಿಮುಕಿಸುತ್ತಿದ್ದಳು, ಕಂತೆ ಕಟ್ಟುವುದನ್ನು ದೊಡ್ಡ ಮಗಳು ಮಾಡುತ್ತಿದ್ದಳು. ನನ್ನ ಕೈಯಲ್ಲಿ ಪೆಟ್ಟಿಗೆ ಇತ್ತು. "ನಾಯ್ ಖೂ, ಪೈ ಸೈ?" ಎಂದಳು. ಮೇಷ್ಟ್ರೇ, ಎಲ್ಲಿಗೆ ಹೊರಟಿರಿ. ಒಂದೂವರೆ ವರ್ಷದಲ್ಲಿ ನನಗೆ ಪೂರ್ತಿ ತಿಳಿದ ಒಂದು ಪ್ರಶ್ನೆ. ಹನ್ನೆರಡು ಹಾಳೆಯಲ್ಲಿ ಉತ್ತರ ಒಂದೂ ಇರಲಿಲ್ಲವಲ್ಲ. ನದಿಯ ಕಡೆ ಕೈ ಮಾಡಿದೆ. ಅವಳು ಒಂದು ಕಂತೆ ಸೊಪ್ಪು ಕೊಟ್ಟಳು. ತೆಗೆದುಕೊಂಡೆ. ದೋಣಿಯಲ್ಲಿ ಬಿಟ್ಟೆ.

ಇಲ್ಲಿನ ಗಿರಣಿಯಲ್ಲಿ ನನಗೆ ನಾಳೆಯಿಂದ ಕೆಲಸವಿಲ್ಲ. ಬೆಲ್ಟು ಜಾರಿದಾಗಲೆಲ್ಲ ಎಂಜಿನ್ ಆರಿಸುತ್ತೇನೆ. ಒಳ್ಳೆಯತನವಲ್ಲ ಅಕ್ಕ, ಓಡುವ ಬೆಲ್ಟಿನ ಹತ್ತಿರ ರಾಳ ಹಿಡಿದರೆ ಕೈ ಮೇಲೇಳುವುದಿಲ್ಲ, ಬಾಯಿಗೆ ಹುಳಿ ನೀರು ಬರುತ್ತದೆ. ಇವತ್ತು ಧಣಿ ಎಲ್ಲರ ಮುಂದೆ ಕೇಳಿದ, "ನೀ ಗಿರಣಿ ನಡಸಾಕ ಬಂದೀಯೋ, ನಿಲ್ಸಾಕ ಬಂದೀಯೋ?" ಹೊಟ್ಟು ಗುಡಿಸುವ ಯಮನಮ್ಮ, ಅಂಥದೇ ಉದ್ದ ತೋಳಿನ ಅಂಗಿಯವಳು, "ಕೊಡ್ರಿ ಇಲ್ಲಿ, ನಾ ಹಚ್ತೀನಿ, ಗಂಡಸಾಗಿ ಅಂಜ್ತೀರಿ" ಎಂದು ನನ್ನ ಕೈಯಿಂದ ಉಂಡೆ ಕಿತ್ತುಕೊಂಡಳು. ಎಷ್ಟು ನಾಜೂಕಾಗಿ ಹಿಡಿದಳು ಎಂದರೆ. ಅದನ್ನು ಕಿತ್ತು ಕಾಲುವೆಗೆ ಎಸೆದು ಬಂದೆ. ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಹಾಳೆಗಳನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಮಕ್ಕಳು ಕೇಳಿದರೆ ಕೊಡು, ಬೇಡವಾದರೆ ಒಲೆಗೆ ಹಾಕು. ಏಳನೆಯ ಹಾಳೆಯ ಹಿಂದೆ ನಾನು ಒಂದು ಪ್ರಶ್ನೆ ಬರೆದಿದ್ದೇನೆ. ಆಸ್ಪತ್ರೆಯಲ್ಲಿ ಕೇಳಬೇಕಾದದ್ದು, ಸಂತೆಯಲ್ಲಿ ಕೇಳಬಹುದಾಗಿದ್ದದ್ದು. ಅದನ್ನು ನೀನು ಓದಬಲ್ಲೆ, ಯಾರು ಕಲಿಸಿದರು ಎಂದು ಗದ್ದೆಮ್ಮನನ್ನು ನೀನು ಕೇಳಿದ್ದೇ ಅದು. ಅದು ನಿನಗಲ್ಲ.

ಚಂಥಾ, ಫೈ ಸೋನ್ ಚಾವ್?